ಕುಟುಂಬ ವೈದ್ಯರಿಗೆ ಯೋಗ್ಯ ಸೂರು ಬೇಕು

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕರಾವಳಿಯವರಿಗೆ ಈ ಕ್ರಮ ಚೆನ್ನಾಗಿ ಗೊತ್ತು. ತುರ್ತು ಸಂದರ್ಭದ ಹೊರತು ಅಲ್ಲಿನ ಆರೋಗ್ಯ ಸೇವೆಯಲ್ಲಿ ಸಾಮಾನ್ಯವಾಗಿ ನೇರವಾಗಿ ತಜ್ಞ ವೈದ್ಯರ ಬಳಿ ಹೋಗುವಂತಿಲ್ಲ. ಮೊದಲು ತಾವು ಹೆಸರು ನೋಂದಾಯಿಸಿದ ಕುಟುಂಬ ವೈದ್ಯರನ್ನು ಕಾಣಬೇಕು. ಆದರೆ ದೊಡ್ಡ ನಗರಗಳ ಹಳೆಯ, ಬಡ ಬಡಾವಣೆಗಳಲ್ಲಿ ಈ ಮೊದಲ ಬಾಗಿಲೇ ಇಕ್ಕಟ್ಟಾಗಿದೆ. ಎಷ್ಟೋ ಕಡೆ ಹಿಂದೆ ವಾಸದ ಮನೆಯಾಗಿದ್ದ ಕಟ್ಟಡವೇ ಚಿಕಿತ್ಸಾಲಯ. ಅಲ್ಲಿನ ಕಿರಿದಾದ ಮೆಟ್ಟಿಲುಗಳನ್ನು ವೃದ್ಧರು ಹತ್ತಲಾರರು, ಗಾಲಿಕುರ್ಚಿ ಒಳಗೆ ಹೋಗದು, ದಾದಿಯರಿಗೆ ಪ್ರತ್ಯೇಕ ಕೋಣೆ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ ಡಾರ್ಜಿಯವರು ಸಲ್ಲಿಸಿದ ವರದಿ ಇಂಗ್ಲೆಂಡಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಿತು. ಪ್ರಾಥಮಿಕ ಆರೋಗ್ಯ ಸೇವೆಯ ಕಟ್ಟಡಗಳಲ್ಲಿ ಶೇ. 20ರಷ್ಟು, 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗುವ ಮೊದಲೇ ಕಟ್ಟಿದಂಥವು. ಶೇ. 53ರಷ್ಟು 30 ವರ್ಷಗಳಿಗಿಂತ ಹಳೆಯವು.

ಈ ಕೊರತೆ ಸರಕಾರಕ್ಕೆ ಹೊಸದಲ್ಲ. 2000ದ ಜುಲೈಯಲ್ಲಿ ಪ್ರಕಟವಾದ ಯೋಜನೆಯಲ್ಲಿ 3,000ದವರೆಗೆ ಚಿಕಿತ್ಸಾಲಯಗಳನ್ನು ಸುಧಾರಿಸುವ, ಒಂದೇ ಸೂರಿನಡಿ ಹಲವು ಸೇವೆ ನೀಡುವ 500 ಕೇಂದ್ರಗಳನ್ನು 2004ರೊಳಗೆ ತೆರೆಯುವ ಮಾತಿತ್ತು. ಖಾಸಗಿ ಪಾಲುದಾರರೊಂದಿಗೆ ಸೇರಿದ 'ಲಿಫ್ಟ್' ಯೋಜನೆಯಿಂದ ಬಡ ಪ್ರದೇಶಗಳಲ್ಲಿ ಒಳ್ಳೆಯ ಕಟ್ಟಡಗಳು ಎದ್ದದ್ದು ನಿಜ. ಆದರೆ ಜೊತೆಗೇ ದೀರ್ಘಾವಧಿ ಬಾಡಿಗೆಯ ಹೊರೆಯೂ ಬಂತು.

ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ. ಅಲ್ಲಿನ ಹೆಚ್ಚಿನ ಚಿಕಿತ್ಸಾಲಯಗಳನ್ನು ನಡೆಸುವ ವೈದ್ಯರು ಸರಕಾರಿ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಕಟ್ಟಡದ ಒಡೆತನ ಅಥವಾ ಬಾಡಿಗೆ ಕರಾರು ಅವರದೇ ಹೆಸರಿನಲ್ಲಿರುವುದುಂಟು. ಬಾಡಿಗೆಯನ್ನು ಆರೋಗ್ಯ ಸೇವೆ ಮರುಪಾವತಿಸಿದರೂ, ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾದಾಗ ಕರಾರಿನ ಭಾರವೆಲ್ಲ ಉಳಿದವರ ಹೆಗಲಿಗೆ ಬೀಳುತ್ತದೆ. ಆ ಭಯದಿಂದ ಯುವ ವೈದ್ಯರು ಪಾಲುದಾರರಾಗಲು ಹಿಂಜರಿಯುತ್ತಾರೆ. ಕಟ್ಟಡದ ಸಮಸ್ಯೆ ಹೀಗೆ ವೈದ್ಯರ ಕೊರತೆಗೂ ದಾರಿಯಾಗುತ್ತದೆ.

ಅಗತ್ಯ ಎಲ್ಲಿ ಹೆಚ್ಚೋ ಅಲ್ಲೇ ಒಳ್ಳೆಯ ಸೇವೆ ಕಡಿಮೆ ಎಂಬುದನ್ನು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ತೋರಿಸಿಕೊಟ್ಟಿದ್ದರು. 2025ರ ಮೇಯಲ್ಲಿ ಸರಕಾರ ಸಾವಿರಕ್ಕೂ ಹೆಚ್ಚು ಚಿಕಿತ್ಸಾಲಯಗಳಿಗೆ 10.2 ಕೋಟಿ ಪೌಂಡ್ ಘೋಷಿಸಿತು. ಸಮನಾಗಿ ಹಂಚಿದರೆ ತಲಾ ಸುಮಾರು ಒಂದು ಲಕ್ಷ ಪೌಂಡ್. ಅದರಲ್ಲಿ ಒಂದೆರಡು ಕೋಣೆ ಸಜ್ಜುಗೊಳಿಸಬಹುದು, ಹೊಸ ಕಟ್ಟಡ ಸಾಧ್ಯವಿಲ್ಲ.

ಈ ನೆರವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬಡ ಬಡಾವಣೆಗಳಲ್ಲಿ ಕಟ್ಟಡದ ಹೊಣೆಯನ್ನು ವೈದ್ಯರ ಹೆಗಲಿನಿಂದ ಇಳಿಸಿ ಸಾರ್ವಜನಿಕ ಸಂಸ್ಥೆಯೇ ಹೊರುವವರೆಗೆ ಇದು ತೇಪೆಯ ಕೆಲಸವಾಗಿಯೇ ಉಳಿದೀತು. ಮೆಟ್ಟಿಲ ಬುಡದಲ್ಲೇ ನಿಂತುಬಿಡುವ ರೋಗಿಗೆ ಒಳಗಿರುವ ವೈದ್ಯರು ಎಷ್ಟು ಒಳ್ಳೆಯವರಾದರೇನು?