ಕೂಡುವ್ಯಾಪಾರವೂ ಜೀವವಿಮೆಯೂ

ಇಬ್ಬರು ಮೂವರು ಸೇರಿ ಅಂಗಡಿಯಿಡುವಾಗ ಮುಹೂರ್ತವನ್ನು ನೋಡುತ್ತಾರೆ. ಬಂಡವಾಳವೆಷ್ಟು, ಲಾಭದಲ್ಲಿ ಯಾರ ಪಾಲೆಷ್ಟು ಎಂಬುದನ್ನು ಛಾಪಾ ಕಾಗದದ ಮೇಲೆ ಬರೆಯಿಸುತ್ತಾರೆ. ತಮ್ಮಲ್ಲೊಬ್ಬನು ಕಾಲವಾದರೆ ಮುಂದೇನು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಶುಭಕಾರ್ಯದಲ್ಲಿ ಅಶುಭವನ್ನು ನುಡಿಯಬಾರದೆಂಬ ಸಂಕೋಚವು ಸಹಜವೇ ಸರಿ. ಆದರೆ ನಮ್ಮ ಧರ್ಮಶಾಸ್ತ್ರಕಾರರಿಗೆ ಈ ಸಂಕೋಚವಿರಲಿಲ್ಲ. ಅವರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸಂಭೂಯಸಮುತ್ಥಾನವೆಂಬುದು, ಎಂದರೆ ಹಲವರು ಕೂಡಿ ನಡೆಸುವ ಉದ್ಯಮವು, ಒಂದು. ಕೂಡುವ್ಯಾಪಾರದವನು ದೇಶಾಂತರದಲ್ಲಿ ಮೃತನಾದರೆ ಅವನ ದ್ರವ್ಯವನ್ನು ದಾಯಾದರು, ಬಂಧುಗಳು, ಜ್ಞಾತಿಗಳು ಇಲ್ಲವೆ ಮರಳಿಬಂದ ಜೊತೆಗಾರರು ತೆಗೆದುಕೊಳ್ಳಬೇಕು, ಅವರಾರೂ ಇಲ್ಲದಿದ್ದರೆ ಅದು ಅರಸನಿಗೆ ಸೇರಬೇಕು ಎಂದು ಯಾಜ್ಞವಲ್ಕ್ಯಸ್ಮೃತಿಯು ಆ ಪ್ರಕರಣದಲ್ಲಿಯೇ ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವನೆಂಬುದನ್ನು ವಾಚಕರು ಬಲ್ಲರು.

ಈಗ ನಮ್ಮನ್ನು ಆಳುವುದು 1932ರ ಭಾರತೀಯ ಪಾಲುದಾರಿಕೆ ಕಾಯಿದೆ. ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದಲ್ಲಿ, ಪಾಲುಗಾರರಲ್ಲೊಬ್ಬನು ಸತ್ತೊಡನೆ ಪಾಲುದಾರಿಕೆಯೇ ಮುಗಿಯುತ್ತದೆಂದು ಅದರ 42ನೆಯ ಕಲಮು ಸಾರುತ್ತದೆ. ಇಬ್ಬರೇ ಇದ್ದ ಕಡೆಯಂತೂ ಕರಾರಿದ್ದರೂ ಅದು ಉಳಿಯದು; ಒಬ್ಬನೇ ತನ್ನೊಡನೆ ತಾನು ಪಾಲುಗಾರನಾಗಲಾರನಷ್ಟೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಮೊಕದ್ದಮೆಯಲ್ಲಿ ಇದನ್ನೇ ನಿರ್ಣಯಿಸಿತು.

ಮಲೆನಾಡಿನ ಒಂದು ಅಡಕೆ ಮಂಡಿಯನ್ನು ಊಹಿಸಿಕೊಳ್ಳೋಣ. ಮೂವರು ಸಮಪಾಲುಗಾರರು. ಕೊಡತಕ್ಕ ಸಾಲವನ್ನೆಲ್ಲ ಕಳೆದು ಮಂಡಿಯ ಬೆಲೆ 60 ಲಕ್ಷ ರೂಪಾಯಿ. ಒಬ್ಬನು ಹಠಾತ್ತನೆ ತೀರಿಕೊಂಡನು. ಅವನ ಹೆಂಡತಿಗೆ 20 ಲಕ್ಷ ಸಲ್ಲಬೇಕು, ಇದರಲ್ಲಿ ವಿವಾದವಿಲ್ಲ. ಆದರೆ ಆ ಹಣವೆಲ್ಲಿದೆ? ಕೆಲವಷ್ಟು ಬೆಳೆಗಾರರಿಗೆ ಕೊಟ್ಟ ಮುಂಗಡದಲ್ಲಿ, ಕೆಲವಷ್ಟು ಗೋದಾಮಿನ ಮೂಟೆಗಳಲ್ಲಿ, ಉಳಿದದ್ದು ಕಟ್ಟಡದಲ್ಲಿ. ಬ್ಯಾಂಕಿನಲ್ಲಿರುವುದು ಒಂದೆರಡು ತಿಂಗಳ ಖರ್ಚಿಗೆ ಸಾಲುವಷ್ಟೇ. ಮಕ್ಕಳ ಓದಿಗಾಗಿ ಆಕೆ ಹಣ ಕೇಳಿದರೆ, ಮೂಟೆಗಳನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೆ ಸಾಲ ಮಾಡಬೇಕು, ಇಲ್ಲವೆ “ಸ್ವಲ್ಪ ತಡೆಯಿರಿ ಅಕ್ಕ” ಎನ್ನಬೇಕು. ಮೊದಲ ಸಲ ತಡೆಯಿರಿ ಎಂದಾಗ ಆಕೆ ತಡೆಯುತ್ತಾಳೆ. ನಾಲ್ಕನೆಯ ಸಲಕ್ಕೆ ಅವಳ ತಮ್ಮನು ವಕೀಲರನ್ನು ಕರೆತರುತ್ತಾನೆ. ಇದರಲ್ಲಿ ದುಷ್ಟರು ಯಾರೂ ಇಲ್ಲವೆಂಬುದೇ ದುಃಖದ ಸಂಗತಿ. ಕಾಯಿದೆಯ 37ನೆಯ ಕಲಮು, ಲೆಕ್ಕ ತೀರಿಸದೆ ವ್ಯಾಪಾರವನ್ನು ಮುಂದುವರಿಸಿದರೆ, ಮೃತನ ಪಾಲಿನ ಹಣದಿಂದ ಬಂದ ಲಾಭವನ್ನಾಗಲಿ ವರ್ಷಕ್ಕೆ ನೂರಕ್ಕೆ 6ರ ಬಡ್ಡಿಯನ್ನಾಗಲಿ ಅವನ ವಾರಸುದಾರರು ಆರಿಸಿಕೊಳ್ಳಬಹುದೆನ್ನುತ್ತದೆ. ಹಕ್ಕೇನೋ ಉಂಟು, ಕೈಗೆ ಕಾಸು ಬರುವುದು ಯಾವಾಗ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ವಿಮೆಯ ಉಪಯೋಗವಿರುವುದು ಇಲ್ಲಿ. ಅಂಗಡಿಯ ಹೆಸರಿನಲ್ಲಿಯೇ ಮೂವರ ಜೀವದ ಮೇಲೂ ತಲಾ 20 ಲಕ್ಷದ ಪಾಲಿಸಿಯನ್ನು ಮಾಡಿಸಿದ್ದರೆ, ಯಾರು ಸತ್ತರೂ ಆ ಮೊತ್ತವು ಬರುತ್ತದೆ. ಉಳಿದವರು ಅದರಿಂದ ಮೃತನ ಪಾಲನ್ನು ಕೊಂಡುಕೊಳ್ಳುತ್ತಾರೆ. ಮಂಡಿಯ ಬಾಗಿಲು ತೆರೆದೇ ಇರುತ್ತದೆ. ಜೀವವಿಮಾ ನಿಗಮದ ಮುಂಬಯಿಯ ಮುಖ್ಯ ಕಚೇರಿಗೆ ‘ಯೋಗಕ್ಷೇಮ’ವೆಂದು ಹೆಸರು. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಯುವುದು ಕ್ಷೇಮ. ಈ ಬಗೆಯ ಪಾಲಿಸಿಯಿಂದ ಬೇಕಾದುದು ಎರಡನೆಯದು ಮಾತ್ರ. ಆದುದರಿಂದ ಅವಧಿ ಮುಗಿದ ಮೇಲೆ ಹಣ ಹಿಂದಿರುಗಿಸುವ ದುಬಾರಿಯ ಪಾಲಿಸಿಗಿಂತ, ಮರಣಕ್ಕೆ ಮಾತ್ರ ಹಣ ಕೊಡುವ, ಕಂತು ಕಡಮೆಯಾದ ಅವಧಿವಿಮೆಯೇ ಸಾಕೆಂದು ನಮ್ಮ ಅಭಿಪ್ರಾಯ. ಏಜೆಂಟರು ಬೇರೆ ಹೇಳಬಹುದು.

ಆದರೆ ಪಾಲಿಸಿಯೊಂದರಿಂದಲೇ ಕೆಲಸ ಮುಗಿಯಿತೆಂದು ತಿಳಿಯುವುದು ಅಪಾಯ. ವಿಮೆಯ 20 ಲಕ್ಷ ಅಂಗಡಿಗೆ ಬಂತೆನ್ನಿ. ಅದೂ ಅಂಗಡಿಯ ಆಸ್ತಿಯಾದ್ದರಿಂದ ಮಂಡಿಯ ಬೆಲೆ 80 ಲಕ್ಷವಾಯಿತು, ಅದರಲ್ಲಿ ಮೂರರಲ್ಲೊಂದು ತಮಗೆ ಬರಬೇಕು ಎಂದು ಮೃತನ ಕಡೆಯವರು ವಾದಿಸಬಹುದು. ಕಂತನ್ನು ಕಟ್ಟಿದವರು ನಾವೂ ಅಲ್ಲವೆ ಎಂದು ಉಳಿದವರು ಹಣವನ್ನೇ ಹಿಡಿದಿಟ್ಟುಕೊಳ್ಳಬಹುದು. ಆದಕಾರಣ ಕರಾರು ಮೊದಲು, ಪಾಲಿಸಿ ಆಮೇಲೆ. ಮೃತನ ಪಾಲನ್ನು ಕೊಳ್ಳುವ ಹಕ್ಕು ಉಳಿದವರಿಗುಂಟು, ಕೊಳ್ಳಲೇಬೇಕಾದ ಹೊಣೆಯೂ ಉಂಟು. ಬೆಲೆಯನ್ನು ಕಟ್ಟುವುದು ಹೀಗೆ. ವಿಮೆಯ ಹಣವನ್ನು ಆ ಬೆಲೆಯಲ್ಲಿ ಸೇರಿಸತಕ್ಕದ್ದಲ್ಲ, ಅದನ್ನು ಪಾಲಿನ ಕ್ರಯಕ್ಕೇ ಸಲ್ಲಿಸತಕ್ಕದ್ದು. ಇಷ್ಟು ತಿಂಗಳೊಳಗೆ ಸಲ್ಲಿಸತಕ್ಕದ್ದು. ಇಷ್ಟನ್ನು ಕರಾರು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಇಬ್ಬರೇ ಪಾಲುಗಾರರಾದರೆ, ಉಳಿದವನು ಪಾಲನ್ನು ಕೊಂಡು ಸ್ವಂತ ವ್ಯಾಪಾರವಾಗಿ ನಡೆಸತಕ್ಕದ್ದೆಂದು ಸೇರಿಸಬೇಕು. ಬೆಲೆಯನ್ನು ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವ ದಿನವೇ, ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಿದರೆ ಉತ್ತಮ. ಹತ್ತು ವರ್ಷದ ಹಿಂದಿನ 20 ಲಕ್ಷದ ಪಾಲಿಸಿಯನ್ನು ಹಾಗೆಯೇ ಇಟ್ಟುಕೊಂಡು, 50 ಲಕ್ಷಕ್ಕೆ ಏರಿದ ಪಾಲನ್ನು ಕೊಳ್ಳಹೊರಟವರಿಗೆ ಈ ಹಾಳೆಯ ಬೆಲೆ ತಿಳಿಯುತ್ತದೆ.

ಕಂತಿನ ವಿಷಯದಲ್ಲಿ ಒಂದು ತಕರಾರು ಏಳುವುದುಂಟು. ಪಾಲುಗಾರರಲ್ಲೊಬ್ಬನಿಗೆ 58, ಇನ್ನೊಬ್ಬನಿಗೆ 32 ವಯಸ್ಸಾಗಿದ್ದರೆ ಹಿರಿಯನ ಜೀವಕ್ಕೆ ಕಂತು ಬಹಳ ಹೆಚ್ಚು. ಅದನ್ನು ನಾನೇಕೆ ಕೊಡಲಿ ಎಂದು ಕಿರಿಯನು ಗೊಣಗುತ್ತಾನೆ. ಲೆಕ್ಕವನ್ನು ತಿರುಗಿಸಿ ನೋಡಬೇಕು. ಹಿರಿಯನು ಮೊದಲು ಹೋದರೆ, ಸ್ವಂತ ಹಣ ತೆರದೆ ಇಡೀ ಅಂಗಡಿಯನ್ನು ಪಡೆಯುವವನು ಈ ಕಿರಿಯನೇ. ಆದ್ದರಿಂದ ಎಲ್ಲ ಕಂತುಗಳನ್ನೂ ಅಂಗಡಿಯ ಸಾಮಾನ್ಯ ಖಜಾನೆಯಿಂದ ಕಟ್ಟುವುದೇ ನ್ಯಾಯ.

ಮರಣಕ್ಕಿಂತ ಕಠಿನವಾದುದು ದೀರ್ಘರೋಗ. ಸತ್ತವನ ಪಾಲಿಗೆ ಕಾಯಿದೆಯಲ್ಲಿ ದಾರಿಯುಂಟು. ಪಾರ್ಶ್ವವಾಯುವಿನಿಂದ ಮಲಗಿದವನು ಪಾಲುಗಾರನಾಗಿಯೇ ಉಳಿಯುತ್ತಾನೆ. ಅವನಿಗೆ ಲಾಭದ ಪಾಲು ಸಲ್ಲಬೇಕು. ಕೆಲಸವನ್ನು ಇತರರು ಹೊರಬೇಕು. ಒಪ್ಪಂದವಾಗದೆ ಹೋದರೆ ಉಳಿಯುವ ಮಾರ್ಗ 44ನೆಯ ಕಲಮಿನಂತೆ ನ್ಯಾಯಾಲಯಕ್ಕೆ ಹೋಗಿ, ಇವನು ಶಾಶ್ವತವಾಗಿ ಅಶಕ್ತನಾಗಿದ್ದಾನೆ, ಪಾಲುದಾರಿಕೆಯನ್ನು ಮುರಿಯಿರಿ ಎಂದು ಬೇಡುವುದು. ಇಪ್ಪತ್ತು ವರ್ಷ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಗೆಳೆಯನ ಮೇಲೆ, ಅವನು ಹಾಸಿಗೆ ಹಿಡಿದಾಗ ದಾವೆ ಹೂಡುವುದು ಯಾರಿಗೆ ಮನಸ್ಸಾದೀತು? ಎಷ್ಟು ತಿಂಗಳ ಅಶಕ್ತತೆಯ ನಂತರ ಪಾಲನ್ನು ಕೊಳ್ಳಬೇಕು, ಅಶಕ್ತನೆಂದು ನಿರ್ಣಯಿಸುವ ವೈದ್ಯರು ಯಾರು, ಅಲ್ಲಿಯವರೆಗೆ ಅವನ ಮನೆಗೆ ತಿಂಗಳಿಗೆಷ್ಟು ಎಂಬುದನ್ನು ಎಲ್ಲರೂ ಗಟ್ಟಿಯಾಗಿರುವಾಗಲೇ ಗೊತ್ತುಮಾಡಬೇಕು.

ಇದಕ್ಕೆ ಗಂಭೀರ ರೋಗಗಳ ವಿಮೆಯು ನೆರವಾಗುತ್ತದೆ. ಅರ್ಬುದ, ಹೃದಯಾಘಾತ, ಮೂತ್ರಪಿಂಡದ ವೈಫಲ್ಯ ಮೊದಲಾಗಿ ಪಟ್ಟಿಯಲ್ಲಿರುವ ರೋಗಗಳು ಬಂದರೆ ಒಟ್ಟುಮೊತ್ತ ಕೊಡುವುದು ಇದರ ಕ್ರಮ. ಪಟ್ಟಿಯಲ್ಲಿಲ್ಲದ ರೋಗಕ್ಕೆ ಕಾಸೂ ಇಲ್ಲ. ಮೊದಲ 90 ದಿನಗಳಲ್ಲಿ ಕಾಣಿಸಿಕೊಂಡ ರೋಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ರೋಗ ನಿರ್ಣಯವಾದ ಮೇಲೆ 30 ದಿನ ಬದುಕಿರಬೇಕೆಂಬ ನಿಬಂಧನೆಯೂ ಬಹುಕಡೆ ಉಂಟು. ಪಾರ್ಶ್ವವಾಯುವಿಗಾದರೆ ಅಂಗವೈಕಲ್ಯವು 3 ತಿಂಗಳಾದರೂ ನಿಂತಿರಬೇಕು. ಸಣ್ಣ ಅಕ್ಷರಗಳನ್ನು ಕನ್ನಡಕವಿಟ್ಟು ಓದಿರಿ. ಸಕ್ಕರೆ ರೋಗವನ್ನಾಗಲಿ ರಕ್ತದ ಒತ್ತಡವನ್ನಾಗಲಿ ಅರ್ಜಿಯಲ್ಲಿ ಮುಚ್ಚಿಡಬೇಡಿರಿ. ಜೀವವಿಮೆಯ ಪಾಲಿಸಿಯನ್ನು 3 ವರ್ಷದ ಮೇಲೆ ಯಾವ ಕಾರಣದಿಂದಲೂ ಪ್ರಶ್ನಿಸಬಾರದೆಂದು ವಿಮಾ ಕಾಯಿದೆಯ 45ನೆಯ ಕಲಮು ರಕ್ಷಿಸುತ್ತದೆಂಬುದು ನಿಜ. ಮೃತ್ಯುವು ಮೂರು ವರ್ಷ ಕಾಯುತ್ತದೆಂದು ಆ ಕಲಮಿನಲ್ಲಿ ಬರೆದಿಲ್ಲ.

ಕೊನೆಯದಾಗಿ ಗೃಹಿಣಿಯರಿಗೊಂದು ಮಾತು. ಮೇಲೆ ಹೇಳಿದ ಪಾಲಿಸಿ ಅಂಗಡಿಯದು. ಮನೆಯದು ಬೇರೆಯೇ ಇರಬೇಕು. ಏಕೆಂದರೆ ಅಂಗಡಿಯ ಸಾಲಕ್ಕೆ ಪಾಲುಗಾರನ ಮನೆಮಾರುಗಳೂ ಹೊಣೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನಂತೆ ಗಂಡನು ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕಾಗಿ ಮಾಡಿಸಿದ ಪಾಲಿಸಿಯು ಅವರ ಪರವಾದ ನ್ಯಾಸವೆನಿಸುತ್ತದೆ. ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿಸಿದ್ದಲ್ಲದಿದ್ದರೆ ಅವರ ಕೈ ಅದಕ್ಕೆ ತಾಕಲಾರದು. ಈ ಕಾಯಿದೆಗೆ ಒಳಪಡಿಸಬೇಕೆಂಬ ಹೇಳಿಕೆಯನ್ನು ಪಾಲಿಸಿ ಕೊಳ್ಳುವಾಗಲೇ ಅರ್ಜಿಯೊಡನೆ ಬರೆದುಕೊಡಬೇಕು.