ಕೆರೆ ಬತ್ತಿಸುವುದೂ ಕರ್ಮಾದಾನವೇ

ಶ್ರಾವಕನು ತೊರೆಯಬೇಕಾದ ಹದಿನೈದು ಕರ್ಮಾದಾನಗಳನ್ನು, ಎಂದರೆ ಕರ್ಮಬಂಧಕ್ಕೆ ದಾರಿಯಾಗುವ ವೃತ್ತಿಗಳನ್ನು, 12ನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ಮದ್ಯಾದಿಗಳನ್ನು ಮಾರುವ ರಸವಾಣಿಜ್ಯವಿದೆ. ಕೆರೆ, ಮಡುಗಳನ್ನು ಬತ್ತಿಸುವ ಸರಃಶೋಷವೂ ಇದೆ. ಮೊದಲನೆಯದನ್ನು ನಾವು ಮರೆತಿಲ್ಲ. ಎರಡನೆಯದರ ಹೆಸರನ್ನು ಕೇಳಿದವರೇ ವಿರಳ.

ಬಂಗಾರಪೇಟೆ, ಕೆಜಿಎಫ್ ಸೀಮೆಯವರಿಗೆ ಈ ಮಾತು ಬೇಗ ತಾಗಬೇಕು. ಚಿನ್ನದ ಗಣಿಗಳಿಗೂ ಗಣಿಯೂರಿಗೂ ನೀರುಣಿಸಿದ್ದು ಪಾಲಾರ್ ನದಿಯ ಬೇತಮಂಗಲದ ಕೆರೆ. ಅದಿರನ್ನು ಪುಡಿಮಾಡಿ, ಸಯನೈಡ್ ಬೆರೆಸಿದ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದರು. 2001ರಲ್ಲಿ ಗಣಿಗಳು ಮುಚ್ಚಿದವು. ಸಯನೈಡ್ ದಿಬ್ಬಗಳು ಉಳಿದವು. (ಚಿನ್ನದ ವ್ಯಾಪಾರ ನಮ್ಮವರಲ್ಲಿ ಅನೇಕರದು, ಆದ್ದರಿಂದಲೋ ಏನೋ ಈ ಲೆಕ್ಕವನ್ನು ನಾವು ತೆಗೆಯುವುದಿಲ್ಲ.) ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬರುತ್ತಿರುವುದು ಕೆ.ಸಿ. ವ್ಯಾಲಿ ಯೋಜನೆಯ ನೀರು, ಬೆಂಗಳೂರು ಬಳಸಿ ಬಿಟ್ಟು ಸಂಸ್ಕರಿಸಿದ ಕೊಳಚೆನೀರು.

ಇಂಥ ನೆಲದಲ್ಲಿ ನಿಂತು ಬಿಯರ್ ಉದ್ಯಮವನ್ನು ನೋಡಬೇಕು. ಒಂದು ಲೀಟರ್ ಬಿಯರ್ ತಯಾರಿಗೆ ಕಾರ್ಖಾನೆಯೊಳಗೇ ಸಾಮಾನ್ಯವಾಗಿ 3ರಿಂದ 5 ಲೀಟರ್ ನೀರು ಬೇಕು. ಬಾಟಲಿ, ತೊಟ್ಟಿಗಳನ್ನು ತೊಳೆಯಲು, ತಂಪಾಗಿಸಲು, ಉಗಿಗೆ ಬಹುಪಾಲು ಹೋಗುತ್ತದೆ. ಬಾರ್ಲಿ ಬೆಳೆದ ಹೊಲದ ನೀರಿನ ಲೆಕ್ಕ ಬೇರೆ. ತೊಳೆದ ನೀರನ್ನು ಶುದ್ಧಗೊಳಿಸಿ ಮರುಬಳಸುವ ಕೆಲವು ಘಟಕಗಳು ಇದನ್ನು 3 ಲೀಟರಿಗಿಂತ ಕೆಳಗಿಳಿಸಿವೆ. ಮೆಚ್ಚತಕ್ಕ ಶ್ರಮವೇ. ಆದರೆ ಬಾಟಲಿಗಳ ಸಂಖ್ಯೆ ಅದಕ್ಕಿಂತ ವೇಗವಾಗಿ ಏರಿದರೆ ಅಂತರ್ಜಲಕ್ಕೆ ಉಳಿಯುವುದೇನು?

ಜೈನಧರ್ಮದಲ್ಲಿ ನೀರು ಬರಿಯ ಪದಾರ್ಥವಲ್ಲ, ಅಪ್ಕಾಯಿಕ ಜೀವಗಳ ಶರೀರ. ನಮ್ಮ ಹಿರಿಯರು ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಇಳಿಸುತ್ತಿದ್ದರು. ಮನೆಗೆ ಫಿಲ್ಟರ್ ಬಂದ ಮೇಲೆ ಗಾಳಿಸುವುದು ಉಳಿಯಿತು, ಮರಳಿಸುವುದು ಹೋಯಿತು. ತೆಗೆದಲ್ಲಿಗೇ, ಕೆಡದಂತೆ ಮರಳಿಸಿದಿರಾ ಎಂದು ಕಾರ್ಖಾನೆಯನ್ನು ಕೇಳಬೇಕು. ಹಾಗೆ ಕೇಳುವ ಅಭ್ಯಾಸವನ್ನು ಮೊದಲು ನಾವೇ ಬಿಟ್ಟುಕೊಟ್ಟಿದ್ದೇವೆ.

ಮದ್ಯವನ್ನು ಮುಟ್ಟದ ನಮಗೇಕೆ ಇದು ಎನ್ನುವವರು ತಮ್ಮ ಮ್ಯೂಚುವಲ್ ಫಂಡಿನ ಹೂಡಿಕೆಪಟ್ಟಿಯನ್ನು ತೆರೆದು ನೋಡಲಿ. ಬಿಯರ್ ಕಂಪನಿಯ ಷೇರು ಅದರಲ್ಲಿ ಇರಬಹುದು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರಕ್ಕೂ ಬಂಧವುಂಟೆಂಬುದನ್ನು ಬಲ್ಲ ಶ್ರಾವಕನಿಗೆ ಅದರ ಲಾಭಾಂಶ ಸುಲಭದ ಹಣವಲ್ಲ. ಈ ಚಾತುರ್ಮಾಸ್ಯದಲ್ಲಿ ಹಸಿರು ತರಕಾರಿ ಬಿಡುವ ನಿಯಮದ ಜೊತೆಗೆ ಇಂಥ ಷೇರನ್ನು ಬಿಡುವ ನಿಯಮವನ್ನೂ ತೆಗೆದುಕೊಳ್ಳಬಹುದು.