ಗುಟ್ಟಿನ ಮದುವೆ, ಗುಟ್ಟಿನ ಗುಡ್ಡ

ಮಲೆನಾಡಿನಲ್ಲಿ ‘ಓಡಿಹೋಗಿ ಮದುವೆಯಾದರು’ ಎಂಬ ಮಾತಿಗೆ ಬಹುಕಾಲ ಒಂದೇ ಅರ್ಥವಿತ್ತು. ಜಾತಿ ಬೇರೆಯೆಂದೋ ಅಂತಸ್ತು ಸಾಲದೆಂದೋ ಮನೆಯವರು ಒಪ್ಪದಿದ್ದಾಗ, ಹುಡುಗ ಹುಡುಗಿ ಬೆಳಗಿನ ಮೊದಲ ಬಸ್ಸು ಹಿಡಿದು, ದೂರದ ಯಾವುದೋ ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಂಡು, ನಾಲ್ಕಾರು ಗೆಳೆಯರ ಸಾಕ್ಷಿಯಲ್ಲಿ ಬಾಳು ಆರಂಭಿಸುತ್ತಿದ್ದರು. ಅಂಥ ಮದುವೆಗೆ ಬಹುಮಟ್ಟಿಗೆ ಒಂದೇ ಭಾವಚಿತ್ರ. ಅದೂ ಪೇಟೆಯ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿದ್ದು. ಆ ಪರದೆಯ ಮೇಲಿನ ಜಲಪಾತಕ್ಕೂ ಹಿಮದ ಬೆಟ್ಟಕ್ಕೂ ಎಷ್ಟು ಜೋಡಿಗಳು ಬಂದು ನಿಂತರೂ ಒಂದು ಹುಲ್ಲುಕಡ್ಡಿಯೂ ಬಾಗುತ್ತಿರಲಿಲ್ಲ.

ಈಗ ಅದೇ ಮಾತು ಹೊಸ ಅರ್ಥ ಹೊತ್ತು ಬಂದಿದೆ. ಅಮೆರಿಕದಲ್ಲಿ ‘ಎಲೋಪ್‌ಮೆಂಟ್’ ಎಂದರೆ ಈಗ ಮನೆಯವರಿಂದ ತಪ್ಪಿಸಿಕೊಂಡು ಹೋಗುವುದೇ ಆಗಬೇಕಿಲ್ಲ. ವಧು, ವರ, ಒಬ್ಬ ಛಾಯಾಗ್ರಾಹಕ, ಬೇಕಿದ್ದರೆ ಇಬ್ಬರು ಆಪ್ತರು. ಕಲ್ಯಾಣಮಂಟಪದ ಬದಲು ಬೆಟ್ಟದ ತುದಿ ಅಥವಾ ಸರೋವರದ ದಂಡೆ. ಕೊಲರಾಡೊ ರಾಜ್ಯದ ಕಾನೂನಿನಲ್ಲಂತೂ ಪುರೋಹಿತನಾಗಲಿ ಅಧಿಕಾರಿಯಾಗಲಿ ಇಲ್ಲದೆ ವಧೂವರರೇ ತಮ್ಮ ವಿವಾಹವನ್ನು ನೆರವೇರಿಸಿಕೊಳ್ಳಬಹುದು. ಭಾರತದಲ್ಲಿ 2020ರ ಕೊರೊನಾ ಕಾಲದಲ್ಲಿ ಮದುವೆಗೆ 50 ಜನರ ಮಿತಿ ಬಂದಾಗ ಚಿಕ್ಕ ಮದುವೆ ಅನಿವಾರ್ಯವಾಯಿತು. ಅನಿವಾರ್ಯವಾದುದು ಕೆಲವರಿಗೆ ಇಷ್ಟವೂ ಆಯಿತು. ಪಶ್ಚಿಮಘಟ್ಟದ ಬೋಳುಗುಡ್ಡಗಳ ಮೇಲೆ ಕ್ಯಾಮರಾದೆದುರು ಹಾರ ಬದಲಿಸಿಕೊಳ್ಳುವ ಜೋಡಿಗಳು ಇಂದು ಅಪರೂಪದ ನೋಟವಲ್ಲ.

ಈ ಬದಲಾವಣೆಯನ್ನು ಹಳಿಯಬೇಕಾದ ಕಾರಣವಿಲ್ಲ. ಸಾಲ ಮಾಡಿ ಸಾವಿರ ಜನಕ್ಕೆ ಎಲೆ ಹಾಕಿಸುವ ಮದುವೆಗಿಂತ ಹತ್ತು ಜನರ ಮದುವೆ ಮನೆಗೂ ಹಗುರ, ಊರಿಗೂ ಹಗುರ. ಸರಳ ಮದುವೆಯ ಪಾಠವನ್ನು ಮಲೆನಾಡು ಹೊರಗಿನಿಂದ ಕಲಿಯಬೇಕಾಗಿಯೂ ಇಲ್ಲ. ಕುವೆಂಪು ರೂಪಿಸಿದ ‘ಮಂತ್ರ ಮಾಂಗಲ್ಯ’ದಲ್ಲಿ ಪುರೋಹಿತನಿಗೂ ವರದಕ್ಷಿಣೆಗೂ ಆಡಂಬರಕ್ಕೂ ಸ್ಥಾನವಿಲ್ಲ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದದ್ದೂ ಆ ಪದ್ಧತಿಯಲ್ಲಿಯೇ.

ಆಕ್ಷೇಪಣೆ ಇರುವುದು ಮದುವೆಯ ಬಗ್ಗೆ ಅಲ್ಲ, ಚಿತ್ರದ ಬಗ್ಗೆ. ಮದುವೆ ಎಷ್ಟೇ ಚಿಕ್ಕದಾಗಿರಲಿ, ಅದರ ಚಿತ್ರ ಚಿಕ್ಕದಾಗಿ ಉಳಿಯುವುದಿಲ್ಲ. ಐದು ಜನ ಹೋಗಿ ಬಂದ ಗುಡ್ಡದ ಚಿತ್ರ ಸಂಜೆಯೊಳಗೆ ಐವತ್ತು ಸಾವಿರ ಮೊಬೈಲುಗಳನ್ನು ತಲುಪಬಲ್ಲದು. ಅದರ ಕೆಳಗೆ ಗುಡ್ಡದ ಹೆಸರೂ ದಾರಿಯ ನಕ್ಷೆಯೂ ಇದ್ದರೆ ಮುಂದಿನ ಭಾನುವಾರ ಅಲ್ಲಿಗೆ ಬರುವವರು ಐದು ಜನ ಮಾತ್ರ ಅಲ್ಲ.

ಇದು ಊಹೆಯ ಮಾತಲ್ಲ. ಅಮೆರಿಕದ ವಯೊಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಡೆಲ್ಟಾ ಎಂಬ ಪುಟ್ಟ ಸರೋವರವಿದೆ. ಒಂದು ಕಾಲಕ್ಕೆ ಕಡಿದಾದ ದಾರಿ ಹತ್ತಿ ಅಲ್ಲಿಗೆ ಹೋಗುತ್ತಿದ್ದವರು ದಿನಕ್ಕೆ ಒಬ್ಬರೋ ಇಬ್ಬರೋ. ನಿಶ್ಚಿತಾರ್ಥದ ಜೋಡಿಗಳ ಚಿತ್ರಗಳು ಸ್ಥಳದ ಗುರುತಿನೊಂದಿಗೆ ಹರಡಿದ ಮೇಲೆ 2018ರ ಹೊತ್ತಿಗೆ ಆ ಸಂಖ್ಯೆ ಕೆಲವು ದಿನ 145ನ್ನು ಮುಟ್ಟಿತು. ಕೊನೆಗೆ ಪ್ರವಾಸಿಗರನ್ನು ಕರೆಯುವುದೇ ಕಸುಬಾದ ಅಲ್ಲಿನ ಜಾಕ್ಸನ್ ಹೋಲ್ ಪ್ರವಾಸ ಮಂಡಳಿಯೇ, ಚಿತ್ರಗಳಿಗೆ ನಿಖರವಾದ ಸ್ಥಳದ ಗುರುತು ಹಾಕಬೇಡಿ ಎಂದು ಪ್ರಚಾರ ಮಾಡಬೇಕಾಯಿತು. ಕ್ಯಾಲಿಫೋರ್ನಿಯದ ಲೇಕ್ ಎಲ್ಸಿನೋರ್ ಪಟ್ಟಣದ ಪಕ್ಕದ ಕಣಿವೆಯಲ್ಲಿ 2019ರ ಮಾರ್ಚ್‌ನಲ್ಲಿ ಕಿತ್ತಳೆ ಬಣ್ಣದ ಗಸಗಸೆ ಹೂಗಳು ಅರಳಿದಾಗ ಚಿತ್ರಕ್ಕೆ ಬಂದವರ ಕಾಲ್ತುಳಿತಕ್ಕೆ ಹೂವಿನ ಇಳಿಜಾರುಗಳೇ ಸಿಕ್ಕಿದವು. ಮತ್ತೆ ಹೂ ಬಂದ 2023ರಲ್ಲಿ ಆ ಕಣಿವೆಯ ದಾರಿಯನ್ನೇ ಮುಚ್ಚಲಾಯಿತು.

ಚಂದ್ರದ್ರೋಣ ಪರ್ವತಶ್ರೇಣಿಯವರಿಗೆ ಈ ಕಥೆ ಹೊಸದಲ್ಲ. 2022ರಲ್ಲಿ ನೀಲಕುರಿಂಜಿ ಅರಳಿದಾಗ ಗುಡ್ಡದ ದಾರಿಗಳಲ್ಲಿ ವಾಹನಗಳು ಕಿಕ್ಕಿರಿದವು. ನೀಲಕುರಿಂಜಿ ಗಿಡ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವಂಥದು. ವಧುವಿನ ಕೈಗೆ ಚೆಂದವೆಂದು ಕಿತ್ತ ಗೊಂಚಲು ಆ ಗಿಡದ ಪಾಲಿಗೆ ಒಂದು ಜನ್ಮದ ಬೀಜ. ಅದನ್ನು 2022ರ ತಿದ್ದುಪಡಿಯ ಮೂಲಕ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೆಯ ಅನುಸೂಚಿಗೆ ಸೇರಿಸಲಾಗಿದೆ.

ಹೂವಿಲ್ಲದ ಕಾಲದಲ್ಲಿ ಬೋಳುಗುಡ್ಡ ಖಾಲಿ ಜಾಗವೆಂದು ಪೇಟೆಯ ಕಣ್ಣಿಗೆ ತೋರುತ್ತದೆ. ‘ಬರೀ ಹುಲ್ಲು ತಾನೆ’ ಎನ್ನುವವರು ಮರ ಕಡಿದರೆ ಮಾತ್ರ ಕಾಡು ಹಾಳಾಗುತ್ತದೆಂದು ತಿಳಿದವರು. ತೆಳ್ಳನೆಯ ಮಣ್ಣಿನ ಮೇಲೆ ಬೇರು ಹೆಣೆದುಕೊಂಡ ಆ ಹುಲ್ಲೇ ಮುಂಗಾರಿನ ಮಳೆಯನ್ನು ತಡೆದು, ಕೆಳಗಿನ ಶೋಲೆಗೆ ದಾಟಿಸಿ, ಬೇಸಿಗೆಯವರೆಗೆ ಹಳ್ಳಗಳನ್ನು ಹರಿಸುವುದು. ಒಂದೇ ಕಡೆ ನೂರು ಜನ ನಡೆದರೆ ಹುಲ್ಲು ಸವೆದು, ಮರುವರ್ಷದ ಮಳೆಗೆ ಅದೇ ಜಾಡು ಕೊರಕಲಾಗುತ್ತದೆ. ಟಿಟ್ಟಿಭ ಹಕ್ಕಿ ಗೂಡನ್ನೇ ಕಟ್ಟದೆ ಬರಿ ನೆಲದ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ ಮೊಟ್ಟೆಯಿಡುತ್ತದೆ. ನೆಲಗುಬ್ಬಿ ಹುಲ್ಲಿನ ಬುಡದಲ್ಲಿ. ನೆಲ ಗುಡಿಸುವ ಉದ್ದನೆಯ ಉಡುಪು ಎಷ್ಟು ಸುಂದರವೋ ಕಾಣೆ, ಅದರ ಅಂಚಿಗೆ ಅಂಟಿಕೊಂಡು ರಸ್ತೆ ಬದಿಯ ಯುಪಟೋರಿಯಂ ಬೀಜ ಗುಡ್ಡದ ನೆತ್ತಿಗೆ ಸವಾರಿ ಮಾಡಬಲ್ಲದು.

ಬೆಂಕಿಯ ಮಾತು ಬೇರೆಯೇ ಹೇಳಬೇಕು. ಚಿತ್ರಕ್ಕೆ ರಂಗು ಬರಲೆಂದು ಬಣ್ಣದ ಹೊಗೆಯ ಕೊಳವೆಗಳನ್ನು ಹಚ್ಚುವ ಚಾಳಿ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರುವ ಕುಟುಂಬದ ಪುಟ್ಟ ಚಿತ್ರೀಕರಣವೊಂದರಲ್ಲಿ ಹಚ್ಚಿದ ಇಂಥದೇ ಕೊಳವೆಯ ಕಿಡಿ ಒಣಹುಲ್ಲಿಗೆ ತಗುಲಿ 22,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಬೆಂಕಿ ಆರಿಸಲು ಹೋದ ಸಿಬ್ಬಂದಿಯೊಬ್ಬ ಪ್ರಾಣ ಕಳೆದುಕೊಂಡ. ಫೆಬ್ರವರಿ, ಮಾರ್ಚ್‌ನಲ್ಲಿ ಘಟ್ಟದ ಹುಲ್ಲು ಹೇಗಿರುತ್ತದೆಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಗುಡ್ಡದ ಮೇಲೆ ಮದುವೆಯ ಚಿತ್ರ ತೆಗೆಯಲೇಬಾರದೆ? ತೆಗೆಯಬಹುದು, ಹಕ್ಕಿಯ ಚಿತ್ರ ತೆಗೆಯುವವನ ರೀತಿಯಲ್ಲಿ. ಹಕ್ಕಿಗಳ ಛಾಯಾಗ್ರಹಣದಲ್ಲಿ ತೇಜಸ್ವಿ ವರ್ಷಗಳನ್ನೇ ಕಳೆದರು. ಆ ವಿದ್ಯೆಯ ಮೊದಲ ಪಾಠವೇ ಕಾಯುವುದು ಮತ್ತು ಕಾಣಿಸಿಕೊಳ್ಳದಿರುವುದು. ಅದು ಜೋಡಿಯ ಚಿತ್ರಕ್ಕೂ ಸಲ್ಲುತ್ತದೆ. ದೂರದಿಂದ ಉದ್ದನೆಯ ಲೆನ್ಸಿನಲ್ಲಿ ತೆಗೆದರೆ ವಧೂವರರು ಕ್ಯಾಮರಾವನ್ನು ಮರೆತು ಒಬ್ಬರನ್ನೊಬ್ಬರು ನೋಡುತ್ತಾರೆ. ಹುಲ್ಲು ತುಳಿಯುವ ಕಾಲುಗಳೂ ಕಡಿಮೆ. ದನಗಳು ಓಡಾಡಿ ಮೊದಲೇ ಬಿದ್ದ ಕಾಲುದಾರಿ ಇದೆ, ಬಂಡೆಯ ಹಾಸು ಇದೆ. ನಿಲ್ಲಲು ಅವು ಸಾಕು. ಮಂಜು ಹರಿಯುವ ಹೊತ್ತಿನ ಬೆಳಕಿಗೆ ಬೆಳಗಿನ ಕಂದೀಲೂ ಹೊಗೆಯೂ ಬೇಡ. ಡ್ರೋನ್ ಅಂತೂ ಬೇಡವೇ ಬೇಡ. ಅದರ ಸದ್ದಿಗೆ ಹದ್ದು ಗಿಡುಗಗಳು ಕೆರಳಿ ಎರಗಿದ ಉದಾಹರಣೆಗಳಿವೆ. ಹಾರವನ್ನು ಪ್ಲಾಸ್ಟಿಕ್ ದಾರದ ಬದಲು ಬಾಳೆನಾರಿನಲ್ಲಿ ಕಟ್ಟಿಸುವುದು ಯಾವ ಅಜ್ಜಿಯೂ ಹೇಳಿಕೊಡುವ ಕೆಲಸ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಛಾಯಾಗ್ರಹಣಕ್ಕೆ ಅನುಮತಿ ಬೇಕು. ಆವಾಸವನ್ನು ಬದಲಿಸದೆ, ವನ್ಯಜೀವಿಗೆ ತೊಂದರೆಯಾಗದಂತೆ ತೆಗೆಯುವ ಛಾಯಾಗ್ರಹಣಕ್ಕಷ್ಟೇ ಆ ಅನುಮತಿ ಎಂಬುದು 2022ರ ತಿದ್ದುಪಡಿಯಿಂದ ಕಾನೂನಿನ ಮಾತೇ ಆಗಿದೆ.

ಎಲ್ಲಕ್ಕಿಂತ ಮುಖ್ಯವಾದುದು ಗುಡ್ಡದ ಹೆಸರು. ಇಲ್ಲಿ ಹಳೆಯ ಅರ್ಥದ ಓಡಿಹೋದವರೂ ಹೊಸ ಅರ್ಥದವರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದವರು ಇಂದಿಗೂ ಇದ್ದಾರೆ. ಅವರಲ್ಲಿ ಕೆಲವರ ಪ್ರಾಣಕ್ಕೇ ಅಪಾಯವಿದೆ. ಅಂಥವರಿಗೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸರ್ಕಾರಗಳಿಗೆ ಆದೇಶಿಸಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ 30 ದಿನ ಮೊದಲೇ ಕಚೇರಿಯಲ್ಲಿ ಸೂಚನಾ ಪತ್ರ ಅಂಟಿಸುವ ನಿಯಮಕ್ಕೇ ಎಷ್ಟೋ ಜೋಡಿಗಳು ಅಂಜುತ್ತವೆ. ಊರು, ಗುಡ್ಡ, ದಿನಾಂಕ ಸಹಿತ ಹರಡುವ ಚಿತ್ರ ಅವರ ಪಾಲಿಗೆ ಇನ್ನೊಂದು ಸೂಚನಾ ಪತ್ರ. ಜೋಡಿಯ ಗುಟ್ಟನ್ನು ಕಾಯುವ ಮೌನವೇ ಗುಡ್ಡದ ಗುಟ್ಟನ್ನೂ ಕಾಯುತ್ತದೆ. ಹೆಸರು ಬರೆಯದಿದ್ದರಷ್ಟೇ ಸಾಲದೆಂಬುದನ್ನು ಕಾಲೇಜು ಹುಡುಗರು ಹಿರಿಯರಿಗೆ ಹೇಳಿಕೊಡಬೇಕು: ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೇ ಅಕ್ಷಾಂಶ ರೇಖಾಂಶಗಳು ಸೇರಿರಬಹುದು, ಹಂಚುವ ಮುನ್ನ ಅದನ್ನು ಅಳಿಸಬೇಕು.

ಕ್ಯಾಮರಾ ಹಿಡಿದ ಮಲೆನಾಡಿನ ಹುಡುಗ ಹುಡುಗಿಯರಿಗೆ ಇದು ಒಂದು ಕಸುಬೂ ಆಗಬಹುದು. ಯಾವ ತಿಂಗಳು ಯಾವ ಇಳಿಜಾರಿನಲ್ಲಿ ಹಕ್ಕಿ ಕಾವು ಕೂತಿರುತ್ತದೆ, ಎಲ್ಲಿ ನೀರಿನ ಒರತೆ ಇದೆ, ಯಾವ ಬಂಡೆಗೆ ಮೊದಲ ಬಿಸಿಲು ಬೀಳುತ್ತದೆ ಎಂಬುದು ದೂರದ ಛಾಯಾಗ್ರಾಹಕನಿಗೆ ತಿಳಿಯದು. ಅಂಥವರ ಜೊತೆಯಿಲ್ಲದೆ ಮದುವೆಯ ಚಿತ್ರೀಕರಣದ ತಂಡ ಗುಡ್ಡ ಹತ್ತುವಂತಿಲ್ಲ, ತಂಡದಲ್ಲಿ ವಧೂವರರೂ ಸೇರಿ ಆರು ಜನರ ಮೇಲೆ ಇರುವಂತಿಲ್ಲ ಎಂದು ಗ್ರಾಮ ಅರಣ್ಯ ಸಮಿತಿಗಳು ನಿರ್ಣಯಿಸಿ ಅರಣ್ಯ ಇಲಾಖೆಯ ಮುಂದಿಡಬಹುದು. 2024ರಲ್ಲಿ ಚಾರಣದ ದಾರಿಗಳಿಗೆ ದಿನಕ್ಕೆ 300 ಜನರ ಮಿತಿ ಹಾಕಿದ ಇಲಾಖೆಗೆ ಈ ಬೇಡಿಕೆ ವಿಚಿತ್ರವಾಗಿ ಕಾಣಲಾರದು. ದೀಪಾವಳಿ ಕಳೆದರೆ ಮದುವೆಯ ಕಾಲ. ಅದಕ್ಕೆ ಮೊದಲಿನ ಗ್ರಾಮಸಭೆಯಲ್ಲಿಯೇ ಈ ವಿಷಯ ಚರ್ಚೆಗೆ ಬರಬೇಕು.